ದೀಪಸ್ತಂಭದ ನೆಲಮಾಳಿಗೆಯಲ್ಲಿ ವರ್ನ್

ಪಾಸ್ಕೋ ತನ್ನ ಹ್ಯಾಟಿನೊಳಗೆ ಕೈ ಹಾಕಿ ಒಂದೊಂದೇ ಚೀಟಿ ತೆಗೆದು ಓದಿದ. "ಒದ್ದೆ. ಒದ್ದೆ. ಒದ್ದೆ. ಒದ್ದೆ." ಐದನೆಯದನ್ನು ಬಿಡಿಸುವ ಮೊದಲೇ ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿದ್ದವರೆಲ್ಲ ನಗಲು ಬಾಯಿ ಅಗಲಿಸಿದ್ದರು. ಐದನೆಯ ಚೀಟಿ ಯಾರದು, ಅದರಲ್ಲಿ ಏನು ಬರೆದಿರುತ್ತದೆ ಎನ್ನುವುದು ಹೇ ಎಂಬ ಆ ಬಯಲುಸೀಮೆಯ ಕುರಿಗಳಿಗೂ ಗೊತ್ತಿತ್ತು.

"ಒದ್ದೆ," ಎಂದ ಪಾಸ್ಕೋ. ಚೀಟಿ ತಿರುಗಿಸಿ ಹಿಂಭಾಗವನ್ನೂ ನೋಡಿದ. ಅಲ್ಲೇನೂ ಇರಲಿಲ್ಲ. ಯಾರೂ ನಗಲಿಲ್ಲ.

ರಾತ್ರಿ ಮಳೆ ಬಿದ್ದರೆ ಬೆಳಿಗ್ಗೆ ನಡೆಯುವ ಶಾಸ್ತ್ರ ಇದು. ಉಣ್ಣೆ ತೆಗೆಯುವವರು ತಲಾ ಎರಡು ಕುರಿ ಮುಗಿಸಿ, ಉಣ್ಣೆ ಒದ್ದೆಯೋ ಒಣಗಿದೆಯೋ ಎಂದು ಗುಟ್ಟಾಗಿ ಚೀಟಿ ಬರೆದು ಹಾಕಬೇಕು. ಒದ್ದೆ ಎಂದವರು ಹೆಚ್ಚಾದರೆ ಅವತ್ತು ಕೆಲಸವಿಲ್ಲ. ಯಾರು ಏನು ಬರೆದರೆಂದು ಕೇಳುವ ಹಾಗಿಲ್ಲ, ಕೇಳಿದರೆ ಮರ್ಯಾದೆ ಇರುವುದಿಲ್ಲ. ಆದರೆ ವರ್ನ್‌ನ ವಿಷಯದಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಕುರಿಗಳು ಈಜಿಕೊಂಡು ಬಂದರೂ ಆತ 'ಒಣಗಿದೆ' ಎಂದೇ ಬರೆಯುವವನು. ಹದಿನಾಲ್ಕು ವರ್ಷದಿಂದ ಎಲ್ಲ ಶೆಡ್ಡುಗಳಲ್ಲೂ ದಿನಕ್ಕೆ ಅತಿ ಹೆಚ್ಚು ಕುರಿ ಮುಗಿಸಿದವನಿಗೆ ರಜೆ ಎಂದರೆ ಅವಮಾನ.

ಬಾಗಿಲಲ್ಲಿ ಚಹಾದ ಬಕೆಟ್ಟು ಹಿಡಿದು ನಿಂತಿದ್ದ ನೊಲೀನ್ ಅದನ್ನು ಕೆಳಗಿಟ್ಟು ವರ್ನ್‌ನ ಕಡೆ ನೋಡಿದಳು. ಆಕೆ ಈ ಗ್ಯಾಂಗಿನ ಅಡುಗೆಯವಳು, ವರ್ನ್‌ನ ಹೆಂಡತಿ. ಗಂಡನ ಬಲಭುಜದ ನರ ಸವೆದು ದಾರದಷ್ಟಾಗಿದೆ ಎಂದು ಡಾಕ್ಟರು ಹೇಳಿದ್ದು ಗೊತ್ತಿದ್ದವಳು ಆಕೆಯೊಬ್ಬಳೇ. ಈಗಲೇ ನಿಲ್ಲಿಸಿ ಆಪರೇಷನ್ ಮಾಡಿಸಿದರೆ ಕೈ ಉಳಿಯುತ್ತದೆ, ಹಟ ಮಾಡಿದರೆ ಚಮಚ ಎತ್ತುವುದಕ್ಕೂ ಆಗುವುದಿಲ್ಲ ಎಂದು ಡಾಕ್ಟರು ನೆಟ್ಟಗೆ ಹೇಳಿದ್ದರು. ವರ್ನ್ "ಈ ಶೆಡ್ಡೊಂದು ಮುಗೀಲಿ" ಅಂದಿದ್ದ. ಆಮೇಲೆ ನಾಲ್ಕು ಶೆಡ್ಡುಗಳ ಕೆಲಸ ಮುಗಿದಿತ್ತು. ಯಾರ ಮುಂದೆಯೂ ಬಾಯಿ ಬಿಡಕೂಡದು ಎಂದು ಹೆಂಡತಿಯಿಂದ ಮಾತು ಬೇರೆ ತೆಗೆದುಕೊಂಡಿದ್ದ. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಹೆಣಗಿ ಬನಿಯನ್ ತೊಡುತ್ತಿದ್ದ. ಈಚೆ ಕಡೆ ಆಕೆ ಪಾತ್ರೆಗಳನ್ನು ಜೋರಾಗಿ ಸದ್ದು ಮಾಡುತ್ತ, ಏನೂ ಕೇಳಿಸದವಳ ಹಾಗೆ ಇರುತ್ತಿದ್ದಳು.

ಇವತ್ತು ಅವನೇ 'ಒದ್ದೆ' ಎಂದು ಬರೆದಿದ್ದಾನೆ ಎಂದರೆ ಕೈ ಎಷ್ಟು ನೋಯುತ್ತಿರಬೇಡ! ಪಾಪ ಎಂದೂ ಅನ್ನಿಸಿತು, ಬಕೆಟ್ಟಿನ ಚಹಾವನ್ನು ತಲೆಯ ಮೇಲೆ ಸುರಿಯಬೇಕೆಂದೂ ಅನ್ನಿಸಿತು.

ಎರೆಮಣ್ಣಿನ ರಸ್ತೆ ಕೆಸರಾಗಿ ಊರ ಕಡೆ ಹೋಗುವ ಮಾತೇ ಇರಲಿಲ್ಲ. ಇಬ್ಬರು ಹೊದ್ದು ಮಲಗಿಬಿಟ್ಟರು. ಉಳಿದವರು ಒಲೆ ಇರುವ ಜಾಗವೆಂದು ಅಡುಗೆಮನೆಯ ಉದ್ದ ಮೇಜಿಗೆ ಬಂದು ಕೂತರು. ವರ್ನ್, ಅವನ ಓರಗೆಯ ಪಾಸ್ಕೋ, ನ್ಯೂಜಿಲೆಂಡಿನಿಂದ ಬಂದ ಮಾವೋರಿ ಹುಡುಗಿ ಹಿನೆ, ಮತ್ತೆ ಉಣ್ಣೆಯ ದರ್ಜೆ ನೋಡುವ ಟೆಸ್. ಹಿನೆಗೆ ಇಪ್ಪತ್ತಾರು ವರ್ಷ. ವರ್ನ್‌ನ ಹಿಂದೆಯೇ ಎರಡನೆಯ ಸ್ಥಾನದಲ್ಲಿದ್ದವಳು. ದಿನಾ ಸಂಜೆ ಎರಡೋ ಮೂರೋ ಕುರಿಯಲ್ಲಿ ಸೋಲುತ್ತಿದ್ದಳು.

ಟೆಸ್ ಪೆಟ್ಟಿಗೆಯಿಂದ ಒಂದು ಆಟ ತೆಗೆದು ಹರಡಿದಳು. ಕಪ್ಪು ಹಲಗೆ, ನಡುವೆ ಒಂದು ಹಾಳುಬಿದ್ದ ದೀಪಸ್ತಂಭ, ಸುತ್ತ ಸಮುದ್ರ. ಮುಳುಗಿ ಸತ್ತ ನಾವಿಕರು ದೆವ್ವವಾಗಿ ಮೆಟ್ಟಿಲು ಹತ್ತಿ ಬರುತ್ತಾರೆ. ನೀರು ಕೊನೆಯ ಮೆಟ್ಟಿಲಿಗೆ ಏರುವ ಮೊದಲು ಮೇಲಿನ ದೀಪ ಹೊತ್ತಿಸಬೇಕು. ದಾಳದ ಮೇಲೆ ದೀಪ, ಹಗ್ಗ, ಬುರುಡೆ; ಒಂದೇ ಸಲಕ್ಕೆ ನಾಲ್ಕು ದೀಪ ಬಿದ್ದರೆ ಗೆಲುವು.

"ಇದ್ರಲ್ಲಿ ಎಲ್ಲರೂ ಒಂದೇ ಕಡೆ," ಎಂದು ಟೆಸ್ ಹೇಳಿದಳು. "ಗೆದ್ರೆ ಎಲ್ಲರೂ ಗೆದ್ದಂಗೆ, ಸೋತ್ರೆ ಎಲ್ಲರೂ ಸತ್ತಂಗೆ."

"ಆಯ್ತಮ್ಮ, ಆಯ್ತು," ಎಂದ ಪಾಸ್ಕೋ. "ಯಾರು ಜಾಸ್ತಿ ದೆವ್ವ ಹೊಡೀತಾರೋ ಅವರು ಫಸ್ಟು."

"ಪಾಸ್ಕೋ, ಈಗ ತಾನೆ ಹೇಳಿದ್ನಲ್ಲ."

"ಕೇಳಿಸ್ಕೊಂಡೆ. ಆದ್ರೂ ಲೆಕ್ಕ ಇರಲಿ."

ಹುಟ್ಟಿದಾಗಿನಿಂದ ಪಕ್ಕದವನಿಗಿಂತ ಒಂದು ಕುರಿ ಹೆಚ್ಚು ಎಂದು ಬದುಕಿದವರಿಗೆ ಒಟ್ಟಾಗಿ ಆಡಿ ಎಂದರೆ ತಲೆಗೆ ಹತ್ತುತ್ತದೆಯೇ? ಗೋಡೆಯ ಮೇಲೆ ಪೆನ್ಸಿಲಿನಿಂದ ಪ್ರತಿಯೊಬ್ಬರ ಹೆಸರಿನ ಕೆಳಗೂ ಗೀಟು ಬಿತ್ತು. ಹಿನೆ ಐದು ದೆವ್ವ, ವರ್ನ್ ಆರು ದೆವ್ವ. ಇವರು ಪೈಪೋಟಿಯಲ್ಲಿ ದೆವ್ವ ಹೊಡೆಯುತ್ತಿದ್ದಂತೆ ನೀರು ತನ್ನ ಪಾಡಿಗೆ ಮೇಲೇರಿ ಎಲ್ಲರನ್ನೂ ಮುಳುಗಿಸಿತು. "ನಾನು ಸತ್ತೆ, ಆದ್ರೂ ನಾನೇ ಫಸ್ಟು," ಎಂದು ವರ್ನ್ ಮೀಸೆ ತಿರುವಿದ. ಎರಡನೆಯ ಆಟದಲ್ಲಿ ಒಬ್ಬನೇ ನೆಲಮಾಳಿಗೆಗೆ ಇಳಿದು ಎರಡೇ ಸುತ್ತಿನಲ್ಲಿ ಸತ್ತ. ಮಿಕ್ಕವರೂ ಹಿಂದೆಯೇ ಸತ್ತರು.

ಮೇಜಿನ ಇನ್ನೊಂದು ತುದಿಯಲ್ಲಿ ನೊಲೀನ್ ಹಿಟ್ಟು ಕಲಸುತ್ತಿದ್ದಳು. ಗಂಡ ಬೆಳಗಿನಿಂದ ಎಡಗೈಯಲ್ಲೇ ದಾಳ ಹಾಕುತ್ತಿರುವುದನ್ನು ಆಕೆ ನೋಡಿದ್ದಳು. ಬಲಗೈ ತೊಡೆಯ ಮೇಲೆ ಮಲಗಿಸಿದ ಮಗುವಿನ ಹಾಗೆ ಬಿದ್ದಿತ್ತು.

"ಅಂಕಲ್, ಒಬ್ಬರೇ ಯಾಕೆ ಕೆಳಗಿಳಿತೀರಿ?" ಎಂದು ಹಿನೆ ಕೇಳಿದಳು. "ಸಹಾಯ ಕೇಳಬಹುದಂತಲ್ಲ. ಟೆಸ್, ಅದೇನದು ನಿಯಮ?"

ಟೆಸ್ ಪುಸ್ತಕ ತೆಗೆದು ಓದಿದಳು. "ಒಂದು ಹೆದರಿಕೆಗೆ ಒಂದು ದಾಳ ಹೋಗತ್ತೆ. ದಾಳ ಕಮ್ಮಿ ಆದೋರು, 'ನನ್ನಿಂದ ಆಗ್ತಿಲ್ಲ, ಯಾರಾದ್ರೂ ಬನ್ನಿ' ಅಂತ ಜೋರಾಗಿ ಹೇಳಿದ್ರೆ ಮಿಕ್ಕವರೆಲ್ಲ ತಮ್ಮ ದಾಳ ಕೊಡಬಹುದು. ಬಾಯಿ ಬಿಟ್ಟು ಹೇಳಲೇಬೇಕು. ಸನ್ನೆ ಮಾಡಿದ್ರೆ ನಡೆಯಲ್ಲ."

ನೊಲೀನ್‌ಳ ಕೈ ಹಿಟ್ಟಿನಲ್ಲೇ ನಿಂತಿತು. "ಅದನ್ನ ಇನ್ನೊಂದ್ಸಲ ಓದು ಟೆಸ್."

ಟೆಸ್ ಇನ್ನೊಮ್ಮೆ ಓದಿದಳು. ನೊಲೀನ್ ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂತಳು. ಮಾತು ಕೊಟ್ಟವಳು ಆಕೆ, ಆಕೆ ಹೇಳುವ ಹಾಗಿಲ್ಲ. ಹೇಳಬೇಕಾದವನೇ ಹೇಳಬೇಕು. ಆಟದಲ್ಲಾದರೂ ಒಮ್ಮೆ ಆ ಮಾತು ಅವನ ನಾಲಿಗೆಯ ಮೇಲೆ ಹೊರಳಲಿ, ಆಮೇಲೆ ನೋಡೋಣ ಎಂದುಕೊಂಡಳು.

"ನನಗೂ ಒಂದು ಕಾಯಿ ಕೊಡು," ಎಂದಳು. "ಎಲ್ಲರೂ ಕೇಳ್ರಪ್ಪಾ. ಗೆದ್ರೆ ಮಧ್ಯಾಹ್ನ ಪಾಕದಲ್ಲಿ ಬೇಯಿಸಿದ ಸಿಹಿ ಕಡುಬು. ಸೋತ್ರೆ ನಿನ್ನೆಯ ಕುರಿ ಕತ್ತಿನ ಸಾರು."

"ನಿನ್ನೆಯದಲ್ಲ, ಮೊನ್ನೆಯದು ಅದು," ಎಂದ ಪಾಸ್ಕೋ. ಗೋಡೆಯ ಮೇಲಿನ ಗೀಟುಗಳನ್ನು ತೋಳಿನಿಂದ ಅಳಿಸಿದ. ಕಡುಬಿನ ಮುಂದೆ ಲೆಕ್ಕ ಯಾವ ದೊಡ್ಡದು.

ಮೂರನೆಯ ಆಟ ನಿಜವಾದ ಆಟವಾಯಿತು. ಹಿನೆ ಹಗ್ಗ ಎಸೆದು ಪಾಸ್ಕೋನನ್ನು ನೀರಿನಿಂದ ಎತ್ತಿದಳು. ಟೆಸ್‌ಗೆ ಬಿದ್ದ ಬುರುಡೆಯ ಏಟನ್ನು ಪಾಸ್ಕೋ ತಾನು ತಿಂದ. ಎಲ್ಲರೂ ಒಂದೊಂದು ಮೆಟ್ಟಿಲು ಮೇಲೆ ಹೋದರು. ವರ್ನ್ ಮಾತ್ರ ದೀಪದ ಎಣ್ಣೆ ತರುತ್ತೇನೆಂದು ಮತ್ತೆ ನೆಲಮಾಳಿಗೆಗೆ ಇಳಿದ. ಎರಡು ಹೆದರಿಕೆ ಮೈಮೇಲೆ ಬಿದ್ದು, ಒಂದೇ ದಾಳ ಉಳಿಯಿತು. ನೀರು ಮೇಲಿನಿಂದ ಎರಡನೆಯ ಮೆಟ್ಟಿಲಲ್ಲಿತ್ತು.

"ಹೇಳು ಮಾರಾಯ," ಎಂದ ಪಾಸ್ಕೋ.

"ನಾನೇ ನೋಡ್ಕೋತೀನಿ."

"ಏನು ನೋಡ್ಕೋತೀಯ? ಒಂದು ದಾಳ ಇಟ್ಕೊಂಡು ನಾಲ್ಕು ದೀಪ ಬೀಳಿಸ್ತೀಯಾ? ನಿಮ್ಮಪ್ಪನೂ ಬೀಳಿಸಲ್ಲ."

"ಸತ್ರೂ ಹೇಳಲ್ಲ ಕಣೋ."

"ನೀವು ಸತ್ರೆ ನಾವೂ ಸಾಯ್ತೀವಿ ಅಂಕಲ್," ಎಂದು ಹಿನೆ ಮೇಜು ಕುಟ್ಟಿದಳು. "ಆಟ ಇರೋದೇ ಹಂಗೆ!"

ವರ್ನ್ ಎಡಗೈಯಲ್ಲಿ ದಾಳ ಹಾಕಿದ. ಬುರುಡೆ. ನೀರು ಕೊನೆಯ ಮೆಟ್ಟಿಲ ಅಂಚಿಗೆ ಬಂತು. ಇನ್ನು ಒಂದೇ ಸುತ್ತು.

ನೊಲೀನ್ ಎದ್ದು ಹೋಗಿ ಮೊನ್ನೆಯ ಸಾರಿನ ಪಾತ್ರೆಯನ್ನು ತಂದು, ಮುಚ್ಚಳ ತೆಗೆದು, ಗಂಡನ ಮೂಗಿನ ಕೆಳಗೆ ಇಟ್ಟಳು. ವರ್ನ್ ಸಾರನ್ನು ನೋಡಿದ, ಹೆಂಡತಿಯನ್ನು ನೋಡಿದ. ಗಡ್ಡದೊಳಗೆ ಏನೋ ಗೊಣಗಿದ.

"ಜೋರಾಗಿ ಅಂತಿದೆ," ಎಂದಳು ಟೆಸ್, ಪುಸ್ತಕದ ಮೇಲೆ ಬೆರಳಿಟ್ಟು.

"ನನ್ನಿಂದ ಆಗ್ತಿಲ್ಲ, ಯಾರಾದ್ರೂ ಬನ್ನಿ! ಆಯ್ತಾ? ಕಿವಿ ತುಂಬ್ತಾ?"

ಎಲ್ಲರೂ ಹೋ ಎಂದು ಕೂಗಿದರು. ಎಂಟು ದಾಳ ಒಟ್ಟುಮಾಡಿ ಪಾಸ್ಕೋ ದೊಡ್ಡ ತಗಡಿನ ಮಗ್ಗಿಗೆ ತುಂಬಿದ. "ಎಡಗೈ ದರಿದ್ರ. ಬಲಗೈಲಿ ಹಾಕು ಗುರು, ಬಲಗೈಲಿ!"

ಆಟದ ಬಿಸಿಯಲ್ಲಿ ವರ್ನ್ ಮರೆತ. ಬಲಗೈಯಲ್ಲಿ ಮಗ್ಗು ಹಿಡಿದು ತಲೆಯ ಮಟ್ಟಕ್ಕೆ ಎತ್ತಿದ. ಭುಜದ ಮಟ್ಟ ದಾಟುತ್ತಿದ್ದ ಹಾಗೆ ಕೈ ತನ್ನಷ್ಟಕ್ಕೆ ಸೋತು ಬಿತ್ತು. ಮಗ್ಗು ಮೇಜಿಗೆ ಬಡಿದು ಉರುಳಿತು, ದಾಳಗಳು ಅಡುಗೆಮನೆಯ ತುಂಬ ಚೆಲ್ಲಾಡಿದವು. ವರ್ನ್‌ನ ಮುಖ ಸುಣ್ಣದಂತಾಗಿತ್ತು.  

ಆತ ಉರುಳಿದ ಮಗ್ಗನ್ನೇ ನೋಡುತ್ತ ಕೂತಿದ್ದ. ಆಮೇಲೆ, ಯಾರೂ ಕೇಳದಿದ್ದರೂ, ಮೆಲ್ಲಗೆ ಅಂದ. "ನನ್ನಿಂದ ಆಗ್ತಿಲ್ಲ." ಎಡಗೈಯಲ್ಲಿ ಬಲಭುಜ ಹಿಡಿದುಕೊಂಡು, "ಭುಜ ಹೋಗಿದೆ. ಆರು ತಿಂಗಳಾಯ್ತು."

"ಗೊತ್ತು," ಎಂದ ಪಾಸ್ಕೋ. "ಆಟದ ಹುಚ್ಚಲ್ಲಿ ಮರೆತು ಬಲಗೈ ಅಂದ್ಬಿಟ್ಟೆ."

ವರ್ನ್ ಸರಕ್ಕನೆ ಹೆಂಡತಿಯ ಕಡೆ ತಿರುಗಿದ. "ನೀನು ಹೇಳಿದ್ಯಾ?"

"ನಾನು ತುಟಿ ಬಿಚ್ಚಿದ್ರೆ ಕೇಳು!"

"ಅವಳ ಮೇಲೆ ಯಾಕೆ ರೇಗ್ತೀಯ?" ಎಂದ ಪಾಸ್ಕೋ. "ಇಪ್ಪತ್ತು ವರ್ಷದಿಂದ ನಿನ್ನ ಪಕ್ಕದಲ್ಲಿ ಬಗ್ಗಿ ಕೆಲಸ ಮಾಡಿದೀನಿ. ನಿನ್ನ ಭುಜ ಕುಯ್ಯೋ ಅನ್ನೋದು ನನಗೆ ಕೇಳಿಸಲ್ವಾ? ಇವತ್ತು ಐದು ಒದ್ದೆ ಬೇರೆ ಬಿತ್ತು. ಹಿನೆ ದಿನಾ ಸಂಜೆ ಇನ್ನು ನಾಲ್ಕು ಕುರಿ ಬಾಕಿ ಇರೋವಾಗ ಹೋಗಿ ನೀರು ಕುಡೀತಾ ನಿಂತಿರ್ತಾಳಲ್ಲ, ಬಾಯಾರಿಕೆ ಅಂದ್ಕೊಂಡ್ಯಾ?"

"ಪಾಸ್ಕೋ!" ಎಂದು ಹಿನೆ ಕಿರುಚಿದಳು.

ವರ್ನ್ ಆಕೆಯ ಕಡೆ ನಿಧಾನವಾಗಿ ತಿರುಗಿದ. ಭುಜದ ನೋವಿಗಿಂತ ದೊಡ್ಡ ನೋವು ಈಗ ಮುಖದ ಮೇಲೆ ಬಂದಿತ್ತು. "ನೀನು... ನನಗೆ... ಬಿಟ್ಟುಕೊಟ್ಯಾ?"

"ಎರಡೇ ಶೆಡ್ಡು ಅಂಕಲ್." ಹಿನೆಗೆ ಕಣ್ಣು ತುಂಬಿತ್ತು. "ನಾನು ಬಂದ ಹೊಸದರಲ್ಲಿ ನನ್ನ ಉಣ್ಣೆ ಕತ್ತರಿಸೋ ಯಂತ್ರದ ಬಾಚಣಿಗೆ, ಬ್ಲೇಡು ಯಾರು ಸಾಣೆ ಹಿಡಿದು ಇಡ್ತಿದ್ರು? ನಾನೇನು ಕೇಳಿದ್ನಾ? ನೀವೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

"ಕಳ್ಳಿ!" ವರ್ನ್ ಗುಡುಗಿದ. "ಎಷ್ಟು ತೆಗೀತೀಯ ನೀನು, ನಿಜವಾಗ್ಲೂ?"

"ಇನ್ನೂರು. ಇನ್ನೂರ ಹತ್ತು, ಕುರಿ ಒಳ್ಳೇದಿದ್ರೆ."

"ನಾಳೆ ಇನ್ನೂರ ಹತ್ತು ತೆಗೀಲಿಲ್ಲ ಅಂದ್ರೆ ನಿನ್ನನ್ನ ಆ ದೆವ್ವಗಳಿಗೆ ಹಾಕ್ತೀನಿ. ನಾನು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ನೋಡ್ತೀನಿ. ದಾರಿ ಒಣಗೋ ತನಕ ನೋಡ್ತೀನಿ, ಆಮೇಲೆ ಆ ಡಾಕ್ಟರ ಹತ್ರ ಹೋಗ್ತೀನಿ." ತಾನು ಏನು ಅಂದೆ ಎನ್ನುವುದು ಅಂದ ಮೇಲೆ ಅವನಿಗೇ ಹೊಳೆಯಿತು. "ಹೋಗ್ತೀನಿ ಅಂದ್ನಲ್ಲ, ಎಲ್ಲ ಯಾಕೆ ಹಂಗ್ ನೋಡ್ತೀರಿ?"

ನೊಲೀನ್ ಒಲೆಯ ಕಡೆ ತಿರುಗಿ, ಒದ್ದೆ ಸೌದೆ ತಂದವರು ಯಾರು, ಹೊಗೆ ಕಣ್ಣಿಗೆ ಹೊಡೆಯುತ್ತಿದೆ ಎಂದು ಯಾರನ್ನೋ ಬೈಯತೊಡಗಿದಳು. ಒಲೆಯಲ್ಲಿ ಹೊಗೆ ಇರಲಿಲ್ಲ. ಆರು ತಿಂಗಳು ಒಬ್ಬಳೇ ಹೊತ್ತ ಭಾರವನ್ನು ಕೆಳಗಿಳಿಸಿದ ಖುಷಿಗೆ ಆಕೆಗೆ ಅಳು ಬಂದಿತ್ತು, ಅಷ್ಟೇ.

ನೆಲದ ಮೇಲೆ ಚೆಲ್ಲಿದ್ದ ದಾಳಗಳನ್ನು ಟೆಸ್ ಬಿದ್ದ ಹಾಗೆಯೇ ಎಣಿಸಿದಳು. ದೀಪ ಮೂರು, ಬುರುಡೆ ನಾಲ್ಕು. ಎಂಟನೆಯದು ಮೇಜಿನ ಕೆಳಗೂ ಇಲ್ಲ, ಒಲೆಯ ಹಿಂದೆಯೂ ಇಲ್ಲ. ಸೋಲಿನ ಸಾರು ತಿನ್ನಿಸಲು ನೊಲೀನ್‌ಗೆ ಅವತ್ತು ಮನಸ್ಸಾಗಲಿಲ್ಲ. ಕಡುಬೇ ಮಾಡಿದಳು. ಎಂಟನೆಯ ದಾಳ ಸಿಕ್ಕಿದ್ದು ಊಟದ ಹೊತ್ತಿಗೆ, ವರ್ನ್‌ನ ಎರಡನೆಯ ಕಡುಬಿನಲ್ಲಿ, ಅವನ ದವಡೆ ಹಲ್ಲಿಗೆ. ಹಿಟ್ಟಿನ ಪಾತ್ರೆಗೆ ಹಾರಿ, ಪಾಕದಲ್ಲಿ ಬೆಂದು ಬಂದ ದಾಳವನ್ನು ಆತ ತಟ್ಟೆಗೆ ಉಗಿದ. ಮೇಲೆ ದೀಪವಿತ್ತು.

"ನಾಲ್ಕು!" ಎಂದು ಹಿನೆ ಎದ್ದು ಕುಣಿದಳು. ಬೆಂದ ದಾಳ ಲೆಕ್ಕಕ್ಕಿಲ್ಲ ಎಂದು ವರ್ನ್. ಲೆಕ್ಕಕ್ಕಿದೆ ಎಂದು ಪಾಸ್ಕೋ. ನಿಯಮದ ಪುಸ್ತಕದಲ್ಲಿ ಕಡುಬಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕೊನೆಗೆ ಪಾಸ್ಕೋ ತನ್ನ ಹ್ಯಾಟನ್ನು ತಿರುವಿ ಹಾಕಿ ಮೇಜಿನ ಮೇಲಿಟ್ಟ. ಐದು ಜನ, ಐದು ಚೀಟಿ, ಗುಟ್ಟಾಗಿ.

"ಗೆದ್ದೆವು. ಗೆದ್ದೆವು. ಗೆದ್ದೆವು. ಗೆದ್ದೆವು." ಐದನೆಯದನ್ನು ಬಿಡಿಸಿ ಪಾಸ್ಕೋ ಗಂಟಲು ಸರಿಮಾಡಿಕೊಂಡ. "ಸೋತೆವು."

ಎಲ್ಲರೂ ಚಾವಣಿ ನೋಡಿದರು. ವರ್ನ್ ಎಡಗೈಯಲ್ಲಿ ಮೂರನೆಯ ಕಡುಬು ತೆಗೆದುಕೊಂಡ. ನೊಲೀನ್‌ಗೆ ತನ್ನ ಗಂಡ ತನಗೆ ವಾಪಸು ಸಿಕ್ಕಿದ ಎನ್ನಿಸಿತು.

ಮರುದಿನ ಬಿಸಿಲು ಬಿತ್ತು. ನೊಲೀನ್ ಬೆಳಗಿನ ಮಾಂಸ ಹುರಿಯುತ್ತ, ರೂಢಿಯಂತೆ ಪಾತ್ರೆಗಳನ್ನು ಕುಟ್ಟಿ ಸದ್ದು ಮಾಡುತ್ತಿದ್ದಳು. ಒಳಗೆ ಮುಚ್ಚಿದ ಬಾಗಿಲ ಹಿಂದೆ ಹೆಣಗಾಟ ನಡೆದಿತ್ತು. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಬಾಗಿಲು ಒಂದು ಗೇಣು ತೆರೆಯಿತು.

"ನನ್ನಿಂದ ಆಗ್ತಿಲ್ಲ," ಎಂದಿತು ಬನಿಯನ್ನಿನೊಳಗಿಂದ ಒಂದು ದನಿ. "ಯಾರಾದ್ರೂ ಬನ್ನಿ."

"ಜೋರಾಗಿ ಹೇಳ್ಬೇಕು ಅಂತಿದೆ," ಎಂದಳು ನೊಲೀನ್. ಆದರೆ ಅಷ್ಟು ಹೊತ್ತಿಗೆ ಬಾಣಲೆ ಇಳಿಸಿ, ಕೈ ಒರೆಸಿಕೊಂಡು, ಅರ್ಧ ದಾರಿ ಬಂದಾಗಿತ್ತು.