ಬದರಿಯ ಚಳಿ

ಗೋದಾಬಾಯಿ ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಫ್ರೀಜರ್ ಪೆಟ್ಟಿಗೆಯ ಗುರ್ರೆನ್ನುವ ಸದ್ದು ನಿಂತಿತು. ಮದರಾಸಿನ ವೆಸ್ಟ್ ಮಾಂಬಲಂನ ಆ ಪುಟ್ಟ ಫ್ಲ್ಯಾಟಿನಲ್ಲಿ ಕೂತಿದ್ದವರೆಲ್ಲ ಒಮ್ಮೆಲೇ ತಲೆ ಎತ್ತಿದರು. ಪೆಟ್ಟಿಗೆಯೊಳಗೆ ಅವರ ಗಂಡ ತಿರುಮಲರಾಯರು ಮಲಗಿದ್ದರು.

"ಏನ್ ಮಾಡ್ತಿದೀರಿ ಅತ್ತಿಗೆ?" ಮೈದುನ ಸುಜಯೀಂದ್ರ ಓಡಿ ಬಂದ. "ದಿಲ್ಲೀಲಿ ಮಂಜಂತೆ, ತೃಪ್ತಿ ಫ್ಲೈಟು ಇನ್ನೂ ಹೊರಟೇ ಇಲ್ಲ. ಮಗಳು ಬಂದು ಅಪ್ಪನ ಮುಖ ನೋಡೋದು ಬೇಡ್ವಾ?"

"ನೋಡ್ಲಿ. ಆದ್ರೆ ಇವರನ್ನ ಈ ಚಳೀಲಿ ಇಡಬೇಡ. ನೋಡು, ಬಾಯಿ ಹತ್ರ ಗಾಜಿನ ಮೇಲೆ ಆವಿ ಕಟ್ಟಿದೆ."

"ಪೆರಿಯಮ್ಮಾ, ವೆಳಿಲ ದಾನ್ ಇರುಕ್ಕು," ಎಂದು ಸುಜಯೀಂದ್ರನ ಮಗಳು ಪ್ರಣಮ್ಯಾ ತಮಿಳಿನಲ್ಲೇ ಹೇಳಿ, ಆವಿ ಇರುವುದು ಗಾಜಿನ ಹೊರಗೇ ಎಂದು ಆ ತೇವವನ್ನು ಬೆರಳಲ್ಲಿ ಒರೆಸಿ ತೋರಿಸಿದಳು. ಗೋದಾಬಾಯಿಯ ಹೆದರಿಕೆ ಮಾತ್ರ ಇದ್ದಲ್ಲೇ ಇತ್ತು.

"ಡಾಕ್ಟರು ಬಂದು ನೋಡಿ ಹೇಳಿದಾರಲ್ಲ ಅತ್ತಿಗೆ."

"ಅವತ್ತೂ ಹೇಳಿದ್ರು," ಎಂದರು ಗೋದಾಬಾಯಿ.

*

ಅವತ್ತು ಎಂದರೆ ಎಷ್ಟೋ ವರ್ಷಗಳ ಹಿಂದೆ ಬದರಿಯಿಂದ ಇಳಿದ ದಿನ. ಚಳಿಗಾಲಕ್ಕೆ ಗುಡಿಯ ಬಾಗಿಲು ಹಾಕುವ ಮುಂಚಿನ ಏಕಾದಶಿ. ತಪ್ತಕುಂಡದ ಬಿಸಿನೀರಲ್ಲಿ ಮಿಂದ ರಾಯರು ಒದ್ದೆ ಮಡಿಪಂಚೆಯಲ್ಲೇ ದರ್ಶನ ಮುಗಿಸಿ, ಬದಲಾಯಿಸಲು ಪುರುಸೊತ್ತಿಲ್ಲದೆ ಹಾಗೇ ಬಸ್ಸು ಹತ್ತಿದ್ದರು. ಮಾಂಬಲಂ ಸ್ಟೇಷನ್ನಿನ ಕೌಂಟರಿನಲ್ಲಿ ಟಿಕೆಟ್ ಕೊಡುತ್ತ ಬೆವರು ಸುರಿಸಿದ ಮನುಷ್ಯ. ಚಳಿ ಎಂದರೆ ಮಾರ್ಗಳಿ ತಿಂಗಳ, ಧನುರ್ಮಾಸದ ಬೆಳಗಿನ ಜಾವ ಎಂದಷ್ಟೇ ಅವರಿಗೆ ಗೊತ್ತು.

ಮಧ್ಯಾಹ್ನ ಹಿಮ ಬೀಳಲು ಶುರುವಾಯಿತು. ನೋಡನೋಡುತ್ತ ಕಿಟಕಿಯಾಚೆ ರಸ್ತೆಯೂ ಇಲ್ಲ, ಕಣಿವೆಯೂ ಇಲ್ಲ. ಬಸ್ಸು ನಿಂತಿತು. ಗಾಳಿ ಬಸ್ಸನ್ನೇ ಹಿಡಿದು ಅಲುಗಿಸುತ್ತಿತ್ತು. ಹಿಂದಿನ ಸೀಟಿನವರು ಥರ್ಮಾಸಿನ ಚಹಾ ಕೊಡಲು ಬಂದರೆ ರಾಯರು "ಏಕಾದಶಿ" ಎಂದು ಕೈಮುಗಿದರು. ತಮ್ಮ ಶಾಲನ್ನೂ ಹೆಂಡತಿಗೆ ಹೊದಿಸಿ, "ನಿದ್ದೆ ಮಾಡಬೇಡ ಗೋದಾ, ಮಾತಾಡು" ಎನ್ನುತ್ತ ಅವರ ತೋಳು ಚಿವುಟುತ್ತಲೇ ಇದ್ದರು. ಬರಬರುತ್ತ ಚಿವುಟುವುದು ನಿಂತುಹೋಯಿತು.

ಡ್ರೈವರು ಟಾರ್ಚು ಹಿಡಿದು ಬಂದು ನಾಡಿ ನೋಡಿ, ತಲೆಯಾಡಿಸಿದ. ಯಾರೋ ರಾಯರ ಮುಖದ ಮೇಲೆ ಟವೆಲ್ಲು ಎಳೆದರು. ಗೋದಾಬಾಯಿಗೆ ಹಿಂದಿ ಬಾರದು, ಆದರೂ ಅರ್ಥವಾಯಿತು. ಭಯಕ್ಕೆ ಅಳುವೇ ಬರಲಿಲ್ಲ. ಟವೆಲ್ಲನ್ನು ಕಿತ್ತೆಸೆದರು, ಗಂಡನ ಪಾದಗಳನ್ನು ತಿಕ್ಕಿ ಹೊಟ್ಟೆಗೆ ಒತ್ತಿಕೊಂಡರು, ಏಕಾದಶಿಯ ಬಾಯಿಗೆ ಹನಿಹನಿಯಾಗಿ ಚಹಾ ಬಿಟ್ಟರು, ಬಾಯಿಗೆ ಬಂದಂತೆ ಬೈದರು. ಬೆಳಕು ಹರಿಯುವ ಹೊತ್ತಿಗೆ ರಾಯರು ಕೆಮ್ಮಿದರು.

"ಏನೇ ಇದು, ವ್ರತ ಕೆಡಿಸಿಬಿಟ್ಯಾ?" ಎಂಬುದು ಅವರ ಮೊದಲ ಮಾತು.

ಆಮೇಲೆ ಅವರು ಏಪ್ರಿಲ್ ಬಿಸಿಲಲ್ಲೂ ಮಫ್ಲರ್ ಸುತ್ತಿಕೊಂಡೇ ಕೌಂಟರಿಗೆ ಹೋದರು. ಮದರಾಸೆಲ್ಲ ನಕ್ಕಿತು. ಮನೆಯಲ್ಲಿ ಫ್ಯಾನು ಜೋರಾಗಿ ತಿರುಗಿದ್ದೇ ಇಲ್ಲ.

*

"ಮುಚ್ಚಳ ತೆಗಿ ಸುಜಯಿ."

ಆ ದನಿಗೆ ಎದುರಾಡಲಾರದೆ ಸುಜಯೀಂದ್ರ ಮುಚ್ಚಳ ಎತ್ತಿ ಹಿಡಿದ. ಗೋದಾಬಾಯಿ ನೆಲದಲ್ಲಿ ಕೂತು ಗಂಡನ ಪಾದ ತಿಕ್ಕತೊಡಗಿದರು. ಒಮ್ಮೆ ರಾಯರ ಹೆಬ್ಬೆರಳು ಅಲುಗಿದಂತಾಯಿತು. ಅಲುಗಿದ್ದು ತಿಕ್ಕುತ್ತಿದ್ದ ತಮ್ಮದೇ ಕೈ. ತಿಕ್ಕಿ ತಿಕ್ಕಿ ಅಂಗೈ ಉರಿಯಿತು. ಪಾದ ಕಲ್ಲಿನಷ್ಟೇ ತಣ್ಣಗಿತ್ತು. ಇವರು ಇನ್ನು ಕೆಮ್ಮುವುದಿಲ್ಲ ಎಂಬುದು ಆಗ ಅವರ ಮೈಗೆ ತಿಳಿಯಿತು. ಬದರಿಯಲ್ಲೂ ಹೆದರದಷ್ಟು ಹೆದರಿದರು.

"ಅತ್ತಿಗೆ..." ಸುಜಯೀಂದ್ರ ಮುಚ್ಚಳ ಹಿಡಿದೇ ಅವರತ್ತ ಬಾಗಿದ.

"ಕರೆಂಟು ಹಾಕು," ಎಂದರು ಗೋದಾಬಾಯಿ. "ತೃಪ್ತಿ ಬರೋ ತನಕ ಮುಖ ಕೆಡಬಾರದು."

ಪ್ರಣಮ್ಯಾ ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಒತ್ತಿದಳು. ತಣ್ಣನೆ ಗಾಳಿ ಹೊರಟಿತು. ಸುಜಯೀಂದ್ರ ಮೆಲ್ಲನೆ ಇಳಿಸುತ್ತಿದ್ದ ಮುಚ್ಚಳ ನಡುವೆಯೇ ನಿಂತಿತು. ಗೋದಾಬಾಯಿಯ ಕೈ ಇನ್ನೂ ಒಳಗೇ ಇತ್ತು.