ಸುಗಲಾಬಾಯಿಯ ಜೋಡುನಳಿಗೆ

ವೀರಭದ್ರಪ್ಪ ತೀರಿಕೊಂಡಾಗ ಅವರ ಬಂದೂಕು ಮನೆಯಲ್ಲಿರಲಿಲ್ಲ. ಚುನಾವಣೆ ಬಂತೆಂದರೆ ಲೈಸೆನ್ಸ್ ಇದ್ದವರೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಫಲಿತಾಂಶ ಬಂದು ಗದ್ದಲ ಅಡಗಿದ ಮೇಲೆ ಬಿಡಿಸಿಕೊಂಡು ಬರಬೇಕು. ತಮ್ಮ ಜೋಡುನಳಿಗೆಯನ್ನು ಹಳೆಯ ಧೋತರದಲ್ಲಿ ಸುತ್ತಿ ನಾರಾಯಣಖೇಡದ ಠಾಣೆಯಲ್ಲಿ ಕೊಟ್ಟು ಬಂದವರು, ಬಿಡಿಸಿಕೊಳ್ಳುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು.

ಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಪಡಸಾಲೆಯ ಗೋಡೆಯಲ್ಲಿ ಎರಡು ಗೂಟಗಳು ಮಾತ್ರ ಉಳಿದವು. ಬಂದೂಕು ಮಲಗುತ್ತಿದ್ದ ಗೂಟಗಳು. ಮಗ ಸಂಗು ಅವುಗಳಲ್ಲೊಂದಕ್ಕೆ ತನ್ನ ಬೀಜ-ಗೊಬ್ಬರದ ಅಂಗಡಿಯ ಕ್ಯಾಲೆಂಡರ್ ತೂಗುಹಾಕಿದ. ಸಂಜೆ ಅವನ ತಾಯಿ ಸುಗಲಾಬಾಯಿ ಅದನ್ನು ತೆಗೆದು ಬಾಗಿಲ ಹಿಂದೆ ಹಾಕಿದಳು. ಮಾರನೆಯ ದಿನ ಅವನು ಮತ್ತೆ ತಂದು ಹಾಕಿದ; ಅವಳು ಮತ್ತೆ ತೆಗೆದಳು. ಆಗ ಸಂಗುವಿಗೆ ಏನೋ ಇದೆ ಅನ್ನಿಸಿತು.

"ಅವ್ವ, ಬಂದೂಕು ಹೈದ್ರಾಬಾದಿನ ಅಂಗಡ್ಯಾಗ ಕೊಟ್ಟುಬಿಡೂನು. ನನಗಂತೂ ಬ್ಯಾಡ. ಅದು ಮನ್ಯಾಗ ಇದ್ರ ನನ್ನ ಜೀವ ಢವಢವ ಅಂತದ" ಅಂದ.

"ನಿನಗ ತಗೋ ಅಂತ ಯಾರಂದ್ರು? ನನ್ನ ಹೆಸರಿಗಿ ಮಾಡ್ಸು."

ಸಂಗು ನಕ್ಕ. ಅವ್ವ ನಗಲಿಲ್ಲ. ಒಳಗಿನಿಂದ ಚಹಾ ತರುತ್ತಿದ್ದ ಸೊಸೆ ಸರಿತಾ ಹೊಸ್ತಿಲಲ್ಲೇ ನಿಂತಳು.

ಸಂಗುವಿಗೆ ತಿಳಿದಿದ್ದು ಇಷ್ಟೇ: ಅಪ್ಪನಿಗೆ ಗುರಿಯಿಟ್ಟು ನಿಶಾನಿ ಹೊಡೆಯುವ ಹುಚ್ಚಿತ್ತು, ಅವ್ವ ಕಾರತೂಸು ತುಂಬಿಕೊಡುತ್ತಿದ್ದಳು. ಅವನು ಸಣ್ಣವನಿದ್ದಾಗ ಅಂಥ ಮಧ್ಯಾಹ್ನಗಳನ್ನು ನೋಡಿದ್ದ. ಮದ್ದಿಗೆ ಕಿಡಿ ತಾಗಬಾರದೆಂದು ಆ ಹೊತ್ತಿಗೆ ಮನೆಯಲ್ಲಿ ಒಲೆ ಹೊತ್ತಿಸುತ್ತಿರಲಿಲ್ಲ, ದೇವರ ದೀಪವನ್ನೂ ಶಾಂತ ಮಾಡುತ್ತಿದ್ದರು. ಆಗೆಲ್ಲ ಲೈಸೆನ್ಸ್ ತೋರಿಸಿದರೆ ಪೇಟೆಯಲ್ಲಿ ಮದ್ದು, ಸೀಸದ ಸಣ್ಣ ಗುಂಡುಗಳ ಛರ್ರಾ ಸಿಗುತ್ತಿದ್ದವು. ಹಾರಿಸಿದ ಹಿತ್ತಾಳೆಯ ಕಾರತೂಸುಗಳನ್ನು ಸುಗಲಾಬಾಯಿ ಹುಣಸೆಹುಳಿ ಹಚ್ಚಿ ತಿಕ್ಕಿ, ತೊಳೆದು, ಅಂಗಳದಲ್ಲಿ ಒಣಹಾಕುತ್ತಿದ್ದಳು. ಒಣಗಿದ ಮೇಲೆ ಬುಡಕ್ಕೆ ಕಿಡಿ ಹಾರಿಸುವ ಹೊಸ ಟೋಪಿ ಕೂಡಿಸಿ, ಮದ್ದು ಸುರಿದು, ಕಂಬಳಿಯ ತುಂಡು ಒತ್ತಿ, ಛರ್ರಾ ಹಾಕಿ, ಮೇಲೆ ರಟ್ಟಿನ ಬಿಲ್ಲೆ ಇಟ್ಟು ಅಂಚಿಗೆ ಮೆತ್ತನೆಯ ಮೇಣ ಒತ್ತುವುದು. ಬಿಲ್ಲೆಗಳಿಗೆ ಮದುವೆಯ ಕಾರ್ಡುಗಳೇ ಆಗಬೇಕು, ಅವುಗಳ ರಟ್ಟು ಗಟ್ಟಿ ಎಂದು ವೀರಭದ್ರಪ್ಪನ ಹಟ. ಹೀಗಾಗಿ ಅವರು ನಿಶಾನಿ ಹೊಡೆದ ಹೊಲದಲ್ಲಿ ಚೂರುಚೂರಾದ ಚಿರಂಜೀವಿಗಳೂ ಸೌಭಾಗ್ಯವತಿಯರೂ ಬಿದ್ದಿರುತ್ತಿದ್ದರು. ಅಳತೆ ಮಾತ್ರ ಹೆಂಡತಿಯ ಕೈಯದೇ. "ನಾ ತುಂಬಿದ್ದು ಒಂದು ಮ್ಯಾಲ ಹೋಗ್ತದ, ಒಂದು ಕೆಳಗ. ಇಕಿ ತುಂಬಿದ್ದು ಹೇಳಿದಲ್ಲಿಗಿ ಹೋಗ್ತದ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಅಷ್ಟು ಮಾತ್ರಕ್ಕೆ ಈ ವಯಸ್ಸಿನಲ್ಲಿ ಬಂದೂಕು ಬೇಕೇ? ಸಂಗುವಿಗೆ ಅರ್ಥವಾಗಲಿಲ್ಲ. ಲೈಸೆನ್ಸ್ ತಾಯಿಯ ಹೆಸರಿಗಾಗಬೇಕಾದರೆ ಮಗ ತನ್ನ ತಕರಾರಿಲ್ಲ ಎಂದು ಬರೆದುಕೊಡಬೇಕು ಅಂದರು ಕಚೇರಿಯವರು. ಸಂಗು ಬರೆದುಕೊಡಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಇವತ್ತು ಅಂಗಡಿಗೆ ಮಾಲು ಬರುತ್ತದೆ, ನಾಳೆ ಜಹೀರಾಬಾದಿಗೆ ಹೋಗಬೇಕು ಎಂದು ದಿನ ದೂಡಿದ. ಸುಗಲಾಬಾಯಿಯೂ ಮತ್ತೆ ಕೇಳಲಿಲ್ಲ. ಕೇಳದೆ ಸುಮ್ಮನೆ ಗೂಟಗಳ ಕೆಳಗೆ ಕೂತು ಅಕ್ಕಿ ಆರಿಸುತ್ತಿದ್ದಳು.

ಅಂಥದೊಂದು ದಿನ ತಾಂಡೂರಿನಿಂದ ಸಾಯಪ್ಪ ಬಂದರು.

ಸಾಯಪ್ಪ ತಾಂಡೂರಿನ ಸರಕಾರಿ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಜಹೀರಾಬಾದಿನ ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ, ವೀರಭದ್ರಪ್ಪನ ಮಗ್ಗುಲಲ್ಲೇ ಮಣ್ಣಿನ ಮೇಲೆ ಬೋರಲು ಮಲಗಿ ಮೊದಲ ಗುಂಡು ಹಾರಿಸಿದ್ದರು. ಅಲ್ಲಿಂದ ಹಿಡಿದ ಹುಚ್ಚು ಇಬ್ಬರನ್ನೂ ಬಿಡಲಿಲ್ಲ. ಊರಿನ ಕೆಲವರು ಸಾಯಪ್ಪನ ಜಾತಿ ಎತ್ತಿ ವೀರಭದ್ರಪ್ಪನಿಗೆ ಬುದ್ಧಿ ಹೇಳಲು ಬಂದಿದ್ದರಂತೆ. "ಆತ ನನಗಿಂತ ಛಲೋ ಹೊಡೀತಾನ. ಅದಕ್ಕೇನು ಮಾಡ್ಲಿ ಹೇಳ್ರಿ" ಎಂದು ಕೇಳಿ ಕಳಿಸಿದ್ದರಂತೆ ವೀರಭದ್ರಪ್ಪ. ಈಗ ಸಾಯಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಗ ಪ್ರೇಮಕುಮಾರ ಆಪರೇಶನ್ ಮಾಡಿಸೋಣ ಎಂದರೆ ಮುಂದೂಡುತ್ತ ಬಂದಿದ್ದರು. ತಮ್ಮ ಬಂದೂಕನ್ನಂತೂ ಯಾವತ್ತೋ ಲೈಸೆನ್ಸ್ ಸಮೇತ ಒಪ್ಪಿಸಿಬಿಟ್ಟಿದ್ದರು.

ಪಡಸಾಲೆಗೆ ಬಂದವರು ಮಸುಕು ಕಣ್ಣಿನಲ್ಲೇ ಗೋಡೆಯ ಕಡೆ ನೋಡಿದರು. "ವೈನಿ, ಅದು ಇನ್ನಾ ಬಂದಿಲ್ಲೇನ್ರಿ?"

"ಸಂಗು ಮಾರೂನು ಅಂತಾನ, ಸಾಯಪ್ಪಣ್ಣ."

"ಮಾರಾಕ? ನಿಮ್ಮ ಕೈಯಾಗಿನ ಬಂದೂಕು?"

ಸಂಗು ಕುರ್ಚಿ ಎಳೆದುಕೊಂಡು ಕೂತ. "ಕಾಕಾ, ಅದು ಅಪ್ಪನ ಬಂದೂಕಲ್ಲೇನ್ರಿ?"

ಸಾಯಪ್ಪ ಅವನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಹೇಳತೊಡಗಿದರು.

"ನಿಮ್ಮವ್ವ ಮದುವ್ಯಾಗಿ ಬಂದ ಹೊಸತು. ಕಾರತೂಸು ತುಂಬಿ ತುಂಬಿ ಬ್ಯಾಸತ್ತು, 'ನಾ ತುಂಬಿದ್ದು ಹ್ಯಾಂಗ ಹೋಗ್ತದ ಅಂತ ನಾ ನೋಡಬಾರದೇನು' ಅಂದ್ಳು ಒಮ್ಮಿ. ನಿಮ್ಮಪ್ಪ ಸಿರ್ಗಾಪುರದ ಹೊಲಕ್ಕ ಕರಕೊಂಡು ಹ್ವಾದ. ನಾನೂ ಇದ್ದೆ. ಮೊದಲ್ನೇ ಬಾರಿಗಿ ಹಿಂದಕ ಕುಂತುಬಿಟ್ಳು, ಧಪ್ಪಂತ. ಎದ್ದು ಸೀರಿ ಝಾಡಿಸಿ, ಮತ್ತ ತುಂಬು ಅಂದ್ಳು. ಆ ಬ್ಯಾಸಿಗಿ ಮುಗಿಯೂದ್ರಾಗ ನಾವಿಬ್ರೂ ನಿಶಾನ್ಯಾಗ ಆಕಿಗಿಂತ ಹಿಂದ ಬಿದ್ದಿದ್ದಿವಿ."

"ಸಾಯಪ್ಪಣ್ಣ, ಅದೆಲ್ಲ ಈಗ್ಯಾಕ್ರಿ" ಅಂದಳು ಸುಗಲಾಬಾಯಿ. ಆದರೆ ಅಕ್ಕಿಯ ಮೊರ ಕೆಳಗಿಟ್ಟಿದ್ದಳು.

"ಇರ್ರಿ ವೈನಿ. ತಾಂಡೂರಾಗ ಖಾಲಿ ಬಿದ್ದ ಒಂದು ಕಲ್ಲಿನ ಖಣಿ ಇತ್ತು. ಅಲ್ಲಿ ಕಲ್ಲಿನ ಮಂದಿ ಆಗಸ್ಟ್ ಹದಿನೈದಕ್ಕ ನಿಶಾನಿ ಪಂದ್ಯ ಇಡ್ತಿದ್ರು. ಫರಸಿಕಲ್ಲಿಗಿ ಸುಣ್ಣದ ಬಟ್ಟು ಇಡೂದು, ಹೊಡಿಯೂದು. ಆ ವರ್ಷ ನಾ ಮುಂದಿದ್ದೆ. ನಿಮ್ಮಪ್ಪನ ಪಾಳಿ ಬಂತು. ಎದ್ದವ ಬಂದೂಕು ನಿಮ್ಮವ್ವನ ಕೈಗಿ ಕೊಟ್ಟ. 'ನನ್ನ ಪಾಳಿ ಇಕಿ ಹೊಡೀತಾಳ' ಅಂದ. ಅವ್ರು, 'ಹೆಣ್ಮಕ್ಕಳು ಹೊಡಿಯೂದಿಲ್ಲ, ಬಾಜೂಕ್ಕ ಕುಂದ್ರಲಿ' ಅಂದ್ರು. ಯಾರೋ ನಕ್ರು ಸುದ್ದಾ. ನಿಮ್ಮಪ್ಪ ಜಗಳ ಮಾಡಲಿಲ್ಲ. ಕಾರತೂಸು ಹೊರಗ ತಗದ, ಕಿಸ್ಯಾಗ ಹಾಕ್ಕೊಂಡ, 'ಹಂಗಾದ್ರ ನಾ ಹೋಗ್ತೀನ್ರಿ' ಅಂದ."

"ನೀವು?" ಕೇಳಿದಳು ಸರಿತಾ. ಅವಳು ಚಹಾದ ಬಟ್ಟಲು ಹಿಡಿದುಕೊಂಡೇ ಕೂತುಬಿಟ್ಟಿದ್ದಳು.

"ನಾನೇನು ಮಾಡ್ಲಿ, ತಾಯಿ? ಅವನ ಮೋಟರ್‌ಸೈಕಲ್ ಮ್ಯಾಲೇ ಬಂದಿದ್ದೆ." ಸಾಯಪ್ಪ ನಕ್ಕರು. ನಗು ನಿಂತ ಮೇಲೆ ಅಂದರು, "ಇಲ್ಲ. ಖರೇ ಅಂದ್ರ ಇರು ಅಂದ ನನಗ, ಗೆದ್ದು ಪಂದ್ಯದ ಕಪ್ಪು ತಗೊಂಡು ಬಾ ಅಂದ. ನನಗಿರಾಕ ಆಗಲಿಲ್ಲ. ಮರುದಿನ ಸಿರ್ಗಾಪುರಕ್ಕ ಹೋದಿವಿ, ಕುಂಬಾರನ ಕಡಿಂದ ಬಿರುಕು ಬಿಟ್ಟ ಗಡಿಗಿ ತಂದಿವಿ, ನಮ್ಮ ಪಂದ್ಯ ನಾವೇ ಇಟ್ಟಿವಿ. ನಿಮ್ಮವ್ವನೇ ಗೆದ್ಳು. ಬಕ್ಷೀಸು ಒಂದು ಕುಂಬಳಕಾಯಿ."

"ಮತ್ಯಾಕ ಬಿಟ್ಳು ಕಾಕಾ? ನಾ ಒಮ್ಮಿನೂ ನೋಡಿಲ್ಲಲ್ರಿ."

"ಸಾಕು ಬಿಡ್ರಿ, ಸಾಯಪ್ಪಣ್ಣ." ಈ ಸಲ ಸುಗಲಾಬಾಯಿಯ ದನಿ ಗಟ್ಟಿಯಾಗಿತ್ತು.

ಸಾಯಪ್ಪ ತಲೆ ತಗ್ಗಿಸಿದರು, ಆದರೆ ಮಾತು ಆಗಲೇ ಬಾಯಿಗೆ ಬಂದಿತ್ತು. "ನಿನಗ ಬಂದೂಕಿನ ಸಪ್ಪಳ ಆಗ್ತಿದ್ದಿಲ್ಲಪ್ಪ. ಕೂಸಿದ್ದಿ. ಹೊಲದಾಗ ಗಿಡದ ನೆಳ್ಳಿಗಿ ತೊಟ್ಲಾ ಕಟ್ಟಿದ್ರು. ಒಂದು ಬಾರು ಹಾರೂದ್ರಾಗ ನೀ ನೀಲಿಗಟ್ಟಿದ್ದಿ. ಅವತ್ತು ಬಂದೂಕು ಕೆಳಗಿಟ್ಟಾಕಿ ಮತ್ತ ಮುಟ್ಟಲಿಲ್ಲ. ನಿಮ್ಮಪ್ಪ ಆಮ್ಯಾಲ ಎಷ್ಟೋ ಸಲ ಕರದ. ತುಂಬಿಕೊಡ್ತೀನಿ ಅಷ್ಟೇ ಅಂತಿದ್ಳು."

ಸುಗಲಾಬಾಯಿ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಂದು ಊಟಕ್ಕೆ ಕೂತಾಗ ಸಂಗು ತಟ್ಟೆಯಿಂದ ತಲೆ ಎತ್ತಲಿಲ್ಲ. ಮರುದಿನ ಅಂಗಡಿ ತೆರೆಯುವ ಮೊದಲೇ ಕಚೇರಿಗೆ ಹೋಗಿ, ತನ್ನದೇನೂ ತಕರಾರಿಲ್ಲ ಎಂದು ಬರೆದು ಸಹಿ ಹಾಕಿ ಬಂದ. ಮನೆಗೆ ಬಂದು ಅದನ್ನು ಹೇಳಲೂ ಇಲ್ಲ. ಅವ್ವ ಬಾಗಿಲ ಹಿಂದೆ ಹಾಕಿದ್ದ ಕ್ಯಾಲೆಂಡರನ್ನು ತೆಗೆದುಕೊಂಡು ಅಂಗಡಿಗೆ ಒಯ್ದ.

ಕೆಲಸ ಬೇಗ ಆಗಲಿಲ್ಲ. ಮಳೆಗಾಲ ಕಳೆಯಿತು, ಹಿಂಗಾರಿ ಜೋಳ ಬಿತ್ತಿದರು. ವಿಚಾರಣೆಗೆ ಕರೆದಾಗ ಅಧಿಕಾರಿ ತೆಲುಗಿನಲ್ಲಿ ಕೇಳಿದರು: ಈ ವಯಸ್ಸಿನಲ್ಲಿ ಬಂದೂಕು ಯಾತಕ್ಕಮ್ಮಾ, ಯಾರದಾದರೂ ಭಯವಿದೆಯೇ? ಸುಗಲಾಬಾಯಿ ತೆಲುಗಿನಲ್ಲೇ, ಯಾರ ಭಯವೂ ಇಲ್ಲ, ನಿಶಾನಿ ಹೊಡೆಯುವುದಕ್ಕೆ ಎಂದಳು. ಅವರು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದರು. ಬಂದೂಕನ್ನು ತರಿಸಿ ಮೇಜಿನ ಮೇಲಿಡಿಸಿದರು. ಅವಳು ಕೇಳದೆಯೇ ಅದನ್ನು ಎತ್ತಿ, ನಡು ಮುರಿದು ತೆರೆದು, ಒಳಗೆ ಏನೂ ಇಲ್ಲವೆಂದು ಬೆರಳಾಡಿಸಿ ನೋಡಿ, ನಳಿಗೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಹಳ ಹೊತ್ತು ಹಾಗೇ ಹಿಡಿದಿದ್ದಳು. ಕಣ್ಣು ತುಂಬಿ ಬೆಳಕೆಲ್ಲ ಕಲಸಿಹೋಗಿತ್ತು ಎಂದು ಆಮೇಲೆ ಸರಿತಾಳಿಗೆ ಹೇಳಿದಳು.

ಕೊನೆಗೆ ಲೈಸೆನ್ಸ್ ಅವಳ ಹೆಸರಿಗಾಗಿ ಬಂದೂಕು ಮತ್ತೆ ಗೂಟವೇರಿತು. ಜೋಳ ಕೊಯ್ದು ಹೊಲ ಬಯಲಾದ ಮೇಲೆ ಸಾಯಪ್ಪನಿಗೆ ಫೋನ್ ಹೋಯಿತು. ಠಾಣೆಗೆ ತಿಳಿಸಿ, ಸಂಗುವಿನ ಕಾರಿನಲ್ಲಿ ನಾಲ್ವರೂ ಸಿರ್ಗಾಪುರಕ್ಕೆ ಹೋದರು. ಮನೆಯಲ್ಲಿ ಕಾರತೂಸು ತುಂಬುವುದು ಎಂದೋ ನಿಂತಿತ್ತು, ಈಗ ಕಾನೂನೂ ಒಪ್ಪುವುದಿಲ್ಲ. ಇವು ಹೈದರಾಬಾದಿನ ಅಂಗಡಿಯಿಂದ ತಂದ ಕೆಂಪು ಪ್ಲಾಸ್ಟಿಕ್ಕಿನ ಕಾರತೂಸುಗಳು. ಸುಗಲಾಬಾಯಿ ಒಂದನ್ನು ಅಂಗೈಯಲ್ಲಿ ತೂಗಿ ನೋಡಿ, "ಆಟಕಿ ಸಾಮಾನು ಇದ್ದಂಗ ಅದ" ಅಂದಳು.

ಹಳೆಯ ಬಾವಿ ತೋಡಿದ ಮಣ್ಣಿನ ದಿಬ್ಬದ ಮುಂದೆ ಸಂಗು ಗಡಿಗೆ ಇಟ್ಟ. ಅವನು ಹಿಂದೆ ಬಂದು ನಿಲ್ಲುವವರೆಗೆ ಸಾಯಪ್ಪ ಬಂದೂಕು ಮುಚ್ಚಗೊಡಲಿಲ್ಲ. "ಆತೇನ್ ಸಂಗು? ಎಲ್ಲಾರೂ ಹಿಂದಿದ್ದೀರಿ? ಹೂಂ, ವೈನಿ."

ಮೊದಲ ಬಾರು ಹಾರಿತು. ಸಂಗು ಬೆಚ್ಚಿ ಸರಿತಾಳ ತೋಳು ಹಿಡಿದುಕೊಂಡ. ಸುಗಲಾಬಾಯಿ ಮಾತ್ರ ಬಂದೂಕನ್ನು ಭುಜದಿಂದ ಇಳಿಸದೆ ಸುಮ್ಮನೆ ನಿಂತಿದ್ದಳು. ಹಳೆಯ ಕರಿಮದ್ದಿಗೆ ದಟ್ಟ ಹೊಗೆ ಏಳುತ್ತಿತ್ತು. ಹೊಡೆದವರು ಹೊಗೆ ತಿಳಿಯಾಗುವವರೆಗೆ ಕಾಯಬೇಕು, ಆಮೇಲೆಯೇ ನಿಶಾನಿ ಕಾಣುವುದು. ಅವಳು ಹೊಡೆದಾಗಲೆಲ್ಲ ವೀರಭದ್ರಪ್ಪ ಆ ಹೊಗೆಯೊಳಗಿಂದಲೇ ಕೆಮ್ಮುತ್ತ, ಕೈ ಬೀಸುತ್ತ, "ಬಿತ್ತು, ಬಿತ್ತು!" ಎಂದು ಬರುತ್ತಿದ್ದರು. ಅವಳು ಅಭ್ಯಾಸದಂತೆ ಕಾದಳು. ಈ ಹೊಸ ಮದ್ದಿಗೆ ಹೊಗೆಯೇ ಇರಲಿಲ್ಲ. ಗಡಿಗೆ ಇದ್ದಲ್ಲೇ ಇತ್ತು, ದಿಬ್ಬ ಇದ್ದಲ್ಲೇ ಇತ್ತು, ನಡುವೆ ಬರೀ ಬಿಸಿಲು.

"ಬಲಕ್ಕ ಹೋತು ವೈನಿ. ಮಣ್ಣಿಗಿ ಬಡದ ಸಪ್ಪಳ" ಎಂದರು ಸಾಯಪ್ಪ, ಹಿಂದಿನಿಂದ ಮೆಲ್ಲಗೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಗುರಿ ಹಿಡಿದಳು. ಈ ಸಲ ಗಡಿಗೆ ಚಟ್ಟೆಂದಿತು. ಸರಿತಾ ಚಪ್ಪಾಳೆ ತಟ್ಟಿದಳು.

"ತಡಿ ತಾಯಿ" ಎಂದು ಸಾಯಪ್ಪ ಕೈ ಎತ್ತಿದರು. "ಕಂಠ ಅಷ್ಟೇ ಹಾರ್ಯಾದ. ಹೊಟ್ಟಿ ಹಂಗೇ ಅದ."

ಸಂಗು ಹೋಗಿ ನೋಡಿದ. ಖರೆಯೇ, ಕಂಠವಷ್ಟೇ ಹಾರಿತ್ತು. ಅವನು ಅಲ್ಲಿಂದಲೇ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ. ನಾಲ್ವರೂ ನಕ್ಕರು, ಸುಗಲಾಬಾಯಿ ನಗುತ್ತ ನಗುತ್ತ ಬದುವಿನ ಮೇಲೆ ಕೂತುಬಿಟ್ಟಳು.

ವಾಪಸು ಬರುವಾಗ ಸಂಗು ಗಾಡಿ ನಡೆಸುತ್ತ ಕೇಳಿದ. "ಅವ್ವ, ಸಪ್ಪಳಕ್ಕ ನಾ ಖರೇನೇ ನೀಲಿಗಟ್ಟೂವಷ್ಟು ಅಳ್ತಿದ್ದೆ?"

"ಅತ್ತಿದ್ರ ಛಲೋ ಇತ್ತು" ಅಂದಳು ಅವ್ವ, ಕಿಟಕಿಯ ಹೊರಗೆ ನೋಡುತ್ತ. "ನೀ ಉಸಿರೇ ಹಿಡಿದಿದ್ದಿ. ಮುಖಕ್ಕ ನೀರು ಹೊಡದ್ರೂ ಬಿಡವಲ್ಲಿ. ಆ ಹೊತ್ತಿನ್ಯಾಗ ಶಿವಗ ಬೇಡ್ಕೊಂಡೆ, ಇವನ ಉಸಿರು ಬರಲಿ, ಬಂದೂಕು ಬಿಡ್ತೀನಿ ಅಂತ. ಬಿಟ್ಟೆ. ಅದರಾಗ ದುಃಖ ಏನಿಲ್ಲಪ್ಪ. ಈಗ ನೀ ದೊಡ್ಡಾವ ಆಗಿದ್ದಿ, ಹೆದ್ರಿದ್ರೂ ಉಸಿರಾಡ್ತಿದ್ದಿ. ಹರಕಿ ತೀರ್ತು."

ಸಾಯಪ್ಪ ಮುಂದಿನ ಸೀಟಿನಲ್ಲಿ ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡಿದ್ದರು.

ಮರುದಿನ ಮುಂಜಾನೆ ಸುಗಲಾಬಾಯಿಯ ಬಲಭುಜ ನೇರಳೆ ಹಣ್ಣಿನಂತೆ ಕಪ್ಪಾಗಿತ್ತು. ಸರಿತಾ ಎಣ್ಣೆ ಬಿಸಿ ಮಾಡಿ ತಿಕ್ಕುತ್ತ ಬೈದಳು. "ಸಾಕಲ್ರಿ ಅತ್ತಿ? ಆಸೆ ತೀರ್ತಲ್ಲ?"

"ಸಾಯಪ್ಪಣ್ಣನ ಮಗಗ ಫೋನ್ ಹಚ್ಚು."

"ಯಾಕ್ರಿ?"

"ಕಣ್ಣಿನ ಆಪರೇಶನ್ ಲಗೂನ ಮಾಡಸ್ತಾನೋ ಇಲ್ಲೋ ಕೇಳು. ಅವರಪ್ಪ ಬರೀ ಕಿವಿ ಮ್ಯಾಲ ನಂಬಿಕಿ ಇಟ್ಟು ನನ್ನ ತಪ್ಪು ಹಿಡೀತಾನ. ಕಣ್ಣಿಲೇ ನೋಡಲಿ, ಆಮ್ಯಾಲ ಹೇಳಲಿ" ಅಂದಳು ಸುಗಲಾಬಾಯಿ. ಎಣ್ಣೆ ತಾಗಿದಲ್ಲಿ ನೋವಾಗಿ, "ಮೆಲ್ಲಕ, ಮೆಲ್ಲಕ" ಎನ್ನುತ್ತ ಭುಜವನ್ನು ಸೊಸೆಯ ಕಡೆಗೆ ಇನ್ನಷ್ಟು ವಾಲಿಸಿದಳು.