ಮುಟ್ಟಬ್ಯಾಡ್ರಿ

ನರ್ಸಬಾಯಿ ದ್ರೌಪದಿಯ ಬಲಗೈ ನಡುಗುತ್ತಿತ್ತು. ಬೆಳಿಗ್ಗೆಯಿಂದ ಅದನ್ನು ಸೆರಗಿನ ಮರೆಯಲ್ಲೇ ಇಟ್ಟುಕೊಂಡಿದ್ದಳು. ಸೂಜಿ ಹಿಡಿಯುವ ಕೈ ನಡುಗುತ್ತದೆ ಎಂದು ಗೊತ್ತಾದರೆ ಮುಗಿಯಿತು, ಉಗಾರ ಬುದ್ರುಕದ ಜನ ಬೇನೆಯವರನ್ನು ಮನೆಯಲ್ಲೇ ಇಟ್ಟುಕೊಂಡು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಕೂತುಬಿಡುವರು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು?

ತೊಂಬತ್ತೆರಡರ ಮಳೆಗಾಲ. ಕೃಷ್ಣೆಯ ನೆರೆ ಇಳಿದ ಬೆನ್ನಿಗೇ ಕಾಲರಾ ಬಂದು, ಶಾಲೆಯ ಕೋಣೆಗಳು ದವಾಖಾನೆಯಾಗಿದ್ದವು. ಮೊದಲ ದಿನ ದ್ರೌಪದಿಯೇ ಗಾಬರಿಯಲ್ಲಿ ಡಂಗುರ ಹೊಡೆಸಿದ್ದಳು: ಬೇನೆಯವರನ್ನು ಮುಟ್ಟಬೇಡಿ, ಮುಟ್ಟಿದವರನ್ನೂ ಮುಟ್ಟಬೇಡಿ. ಕೈ ತೊಳೆಯಿರಿ ಎಂದಿದ್ದರೆ ಸಾಕಿತ್ತು. ನೀರು ಕಾಸಿ ಕುಡಿಯಿರಿ ಎಂದು ಗಂಟಲು ಹರಿದುಕೊಂಡರೂ ಕೇಳದ ಜನ ಇದೊಂದನ್ನು ಚಾಚೂ ತಪ್ಪದೆ ಪಾಲಿಸಿದರು ನೋಡಿ! ಬಾಡಿಗೆ ಮನೆಯ ಒಡತಿ ಪದ್ಮವ್ವ ದ್ರೌಪದಿಯ ಹಾಸಿಗೆಯನ್ನು ಹೊರಗಿನ ಕಟ್ಟೆಗೆ ಎಸೆದಳು. ರೊಟ್ಟಿಯನ್ನೂ ದೂರದಲ್ಲಿಟ್ಟು ಹೋಗುತ್ತಿದ್ದಳು, ನಾಯಿಗೆ ಇಟ್ಟ ಹಾಗೆ.

ಮೊನ್ನೆ ಲಗಮವ್ವ ಎಂಬ ಮುದುಕಿ ದ್ರೌಪದಿಯ ಕೈ ಹಿಡಿದುಕೊಂಡೇ ಸತ್ತಳು. ಎಷ್ಟು ಚುಚ್ಚಿದರೂ ನರ ಸಿಕ್ಕಿರಲಿಲ್ಲ. ನಡುಕ ಶುರುವಾದದ್ದು ಆಗಿನಿಂದ. ಕಣ್ಣು ಮುಚ್ಚಿದರೆ ಆ ತಣ್ಣನೆಯ ಬೆರಳುಗಳು. ಡಾಕ್ಟರ್ ಪಾರಿಸ ಅವರಿಗೆ ಹೇಳಿಕೊಳ್ಳಲು ಹೋದರೆ, ಊರೇ ಸಾಯುವಾಗ ನಿನ್ನದೇನು ರಗಳೆ ಎಂದು ಗದರಿದರು. ಪಾಪ, ಅವರೂ ನಿದ್ದೆ ಕಂಡಿರಲಿಲ್ಲ. ಇವತ್ತು ಔಷಧ ತರಲು ಅಥಣಿಗೆ ಹೋಗಿದ್ದರು.

ಮಧ್ಯಾಹ್ನ ಒಂದು ಎತ್ತಿನ ಗಾಡಿ ಬಂತು. ಇಳಿದವನು ಲಗಮವ್ವನ ಮಗ ಭೀಮಸಿ. ಗಾಡಿಯಲ್ಲಿ ಅವನ ಹೆಂಡತಿ ತಾರವ್ವ, ಕಣ್ಣು ಗುಳಿ ಬಿದ್ದು, ಕೂಗಿದರೆ ಓ ಎನ್ನಲೂ ತ್ರಾಣವಿಲ್ಲ. ದ್ರೌಪದಿ ಒಬ್ಬಳೇ ಆಕೆಯನ್ನು ಇಳಿಸಿಕೊಂಡು ಒಳಗೆ ಮಲಗಿಸಿದಳು. ಕುಡಿಸಿದ ನೀರು ಒಳಗೆ ನಿಲ್ಲುತ್ತಿರಲಿಲ್ಲ. ಈಗಿಂದೀಗ ಸಲಾಯಿನ್ ಏರಿಸದಿದ್ದರೆ ಡಾಕ್ಟರು ಬರುವಷ್ಟರಲ್ಲಿ ಹೆಣವೇ.

ಮೊದಲ ಸಲ ಸೂಜಿ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಭೀಮಸಿಯ ಕಣ್ಣು ಆ ಕೈ ಮೇಲೆಯೇ ಇತ್ತು.

"ನಮ್ಮವ್ವಗೂ ನೀವ ಚುಚ್ಚಿದ್ರಿ" ಎಂದ.

ದ್ರೌಪದಿಗೆ ಓಡಿಹೋಗಬೇಕೆನ್ನಿಸಿತು. ಆದರೆ ತಾರವ್ವನ ನಾಡಿ ಬೆರಳಿಗೆ ಸಿಗುವುದೇ ಕಷ್ಟವಾಗಿತ್ತು. ಇನ್ನು ಮುಚ್ಚಿಟ್ಟು ಯಾವ ಭಾಗ್ಯಕ್ಕೆ?

"ನಂಗ ಹೆದರಿಕಿ ಆಗೇತಿ, ಅಣ್ಣಾ. ಕೈ ನಿಲ್ಲವಲ್ದು. ನನ್ನ ಮುಂಗೈ ಗಟ್ಟಿ ಹಿಡೀರಿ."

ಅವನು ಹಿಂದೆ ಸರಿದ. ಮುಟ್ಟಿದವರನ್ನೂ ಮುಟ್ಟಬಾರದಲ್ಲ! ಹೆಂಡತಿಯ ಮುಖ ನೋಡಿದ, ಬಾಗಿಲು ನೋಡಿದ. ಆಮೇಲೆ ಎರಡೂ ಕೈಯಿಂದ, ನೇಗಿಲ ಮೇಳಿ ಹಿಡಿದಂತೆ, ಆಕೆಯ ಮುಂಗೈ ಹಿಡಿದ. ಡಂಗುರ ಹೊಡೆಸಿದ ಮೇಲೆ ಆ ಊರಲ್ಲಿ ಆಕೆಯನ್ನು ಮುಟ್ಟಿದ ಬೇನೆಯಿಲ್ಲದವರ ಕೈ ಅದೊಂದೇ. ಸೂಜಿ ಹೋಯಿತು. ಕೊಳವೆಯಲ್ಲಿ ರಕ್ತ ಇಣುಕಿ, ಸಲಾಯಿನ್ ಹನಿ ಬೀಳತೊಡಗಿತು.

ಎರಡು ಬಾಟಲಿ ಇಳಿದವು. ಕೊನೆಗೆ ತಾರವ್ವ ಕಣ್ಣು ತೆರೆದು ನೀರು ಕೇಳಿದಳು. ಬದುಕಿದಳು ಎಂದು ದ್ರೌಪದಿ ಉಸಿರುಬಿಟ್ಟಳು. ಹೋಗಿ ಕೈ ತೊಳೆದುಕೊಳ್ಳಿ, ಸಾಕು ಎಂದು ಭೀಮಸಿಗೆ ಹೇಳಿದಳು.

ಅವನು ಏಳಲಿಲ್ಲ.

"ಕೈ ತೊಳಕೊಂಡ್ರ ಸಾಕಾಗ್ತಿತ್ತೇನ್ರಿ?" ಎಂದ. "ಅವ್ವ ಹೋಗೂ ಮುಂದ ನಾ ಬಾಗಲದಾಗ ನಿಂತಿದ್ದೆ, ನರ್ಸಬಾಯಾರ. ನನ್ನ ಕಡೆ ಕೈ ಚಾಚಿದ್ಳು. ನೀವು ಮುಟ್ಟಬ್ಯಾಡ್ರಿ ಅಂದಿದ್ರಿ. ನಾ ಮುಟ್ಟಲಿಲ್ಲ."

ಮುದುಕಿಗೆ ಬೇಕಾಗಿದ್ದದ್ದು ಮಗನ ಕೈ, ಸಿಕ್ಕಿದ್ದು ತನ್ನದು. ದ್ರೌಪದಿಯ ಕೈ ಮತ್ತೆ ನಡುಗತೊಡಗಿತು. ಈ ಸಲ ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ ಭೀಮಸಿಯ ಅಂಗೈಯಲ್ಲಿಟ್ಟಳು. ಇಬ್ಬರೂ ಅತ್ತರು.